ಹಾಸಿಗೆ ಮನೆಯ ಕೆಮ್ಮು

ಆ ಮನೆಯಲ್ಲಿ ಕೆಮ್ಮದೆ ಇರುವವರು ಯಾರು ಎಂದು ಕೇಳಿದರೆ ಬೆಕ್ಕಿನ ಕಡೆ ಕೈ ತೋರಿಸಬೇಕಾಗಿತ್ತು. ಅದೂ ಆಗಾಗ ಸೀನುತ್ತಿತ್ತು. ಹಳೆಯ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದುಕೊಡುವುದು ಮನೆಯವರ ಕಸುಬು. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ಸಂಸಾರ, ನಡುವೆ ಬಾಗಿಲ ಬದಲು ಒಂದು ಗೋಣಿತಾಟು. ಯಾರ್ಯಾರದೋ ಮನೆಯ ಎಷ್ಟೋ ವರ್ಷದ ಬೆವರು, ಮಕ್ಕಳ ಉಚ್ಚೆ, ತಲೆಹೊಟ್ಟು ಎಲ್ಲ ಹಿಂಜುವಾಗ ಎದ್ದು ಗೋಣಿತಾಟನ್ನು ದಾಟಿ ಬಂದು ಅನ್ನದ ಪಾತ್ರೆಯ ಮೇಲೆ ಕೂರುತ್ತಿತ್ತು.

ಅಪ್ಪ ಕೆಮ್ಮಿಕೊಂಡೇ ಹೋಗಿದ್ದ. ಅವನಪ್ಪನೂ ಹಾಗೆಯೇ. ಆದ್ದರಿಂದ ದೊಡ್ಡ ಮಗ ಕೆಮ್ಮತೊಡಗಿದಾಗ ಯಾರೂ ತಲೆ ಎತ್ತಿ ನೋಡಲಿಲ್ಲ.

"ಹತ್ತಿ ಕೆಮ್ಮು ಕಣೋ, ಬಿಸಿನೀರು ಕುಡಿ" ಎಂದಳು ಅಮ್ಮ.

ಬಿಸಿನೀರು ಕುಡಿದ. ಬೆಲ್ಲ ತಿಂದ. ಪ್ಯಾಂಟು ಸೊಂಟದಲ್ಲಿ ನಿಲ್ಲದಾದಾಗ ಹಾಸಿಗೆ ಹೊಲಿಯುವ ಹುರಿಯನ್ನೇ ಬೆಲ್ಟಿನಂತೆ ಕಟ್ಟಿಕೊಂಡ. ಒಂದು ದಿನ ಅವನ ಹೆಂಡತಿ ಹಿಂಜಿದ ಹತ್ತಿಯನ್ನು ಚೀಲಕ್ಕೆ ತುಂಬಲು ಬಾಚಿಕೊಂಡಾಗ ಬಿಳಿಯ ನಡುವೆ ಕೆಂಪು ಕಂಡಿತು.

"ರೀ, ಇದೇನ್ರೀ ರಕ್ತ?"

"ಗಿರಾಕಿ ಹತ್ತಿ ಅದು. ಅಷ್ಟು ಭಾಗ ಕಿತ್ತು ಬಿಸಾಕು, ಉಳಿದಿದ್ದು ತುಂಬು."

"ಹತ್ತಿ ಮಾತು ಹಾಳಾಗ್ಲಿ, ರಕ್ತ ಯಾರದು?"

ಅವನು ಬಾಯಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಮತ್ತಷ್ಟು ಬಿಗಿ ಮಾಡಿಕೊಂಡ. ಅವಳು ಗಂಡನ ತೋಳು ಹಿಡಿದು ಎಬ್ಬಿಸಿ ಹಾಗೆಯೇ, ಮೈಮೇಲಿನ ಹತ್ತಿ ಎಳೆಯನ್ನೂ ಕೊಡವದೆ, ಆಸ್ಪತ್ರೆಗೆ ನಡೆಸಿಕೊಂಡು ಹೋದಳು.

ಟಿಬಿ ಎಂದರು. ಮಾತ್ರೆ ಉಚಿತ, ಆರು ತಿಂಗಳು ತಪ್ಪದೆ ನುಂಗಿದರೆ ವಾಸಿ ಎಂದರು. ಅವಳು ಹಿಡಿದುಕೊಂಡಿದ್ದು ಆ ಕೊನೆಯ ಒಂದು ಮಾತನ್ನು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳಿಗೆ ಯಾರೂ ಅಷ್ಟು ಸ್ಪಷ್ಟವಾದ ಭರವಸೆ ಕೊಟ್ಟಿರಲಿಲ್ಲ.

ನರ್ಸಮ್ಮ ಮನೆಗೇ ಬಂದು ಎಲ್ಲ ಹೇಳಿದಳು. ಕೊಡೆಯನ್ನು ಬಾಗಿಲಿಗೆ ಒರಗಿಸಿ, ಹತ್ತಿ ಮೂಟೆಯ ಮೇಲೆ ಕೂತು, ಇಟ್ಟಿಗೆ ಬಣ್ಣದ ದೊಡ್ಡ ದೊಡ್ಡ ಮಾತ್ರೆಗಳ ಪಟ್ಟಿಯನ್ನು ತೊಡೆಯ ಮೇಲೆ ಹರವಿದಳು. "ಬೆಳಗ್ಗೆ ನಾಲ್ಕೂ ಒಟ್ಟಿಗೆ. ಉಚ್ಚೆ ಕೇಸರಿ ಬಣ್ಣ ಬರುತ್ತೆ, ಬೆವರೂ ಹಾಗೇ. ಹೆದರ್ಕೋಬೇಡಿ. ಮದ್ದು ಒಳಗೆ ಹೋಗ್ತಿದೆ ಅನ್ನೋದಕ್ಕೆ ಅದೇ ಗುರುತು. ದಿನಾ ಒಂದು ಮೊಟ್ಟೆ ಕೊಡಿ. ಉಳಿದೋರೆಲ್ಲ ಈ ಡಬ್ಬಿಗಳಲ್ಲಿ ಕಫ ಉಗಿದು ಕೊಡಿ, ಪರೀಕ್ಷೆ ಆಗ್ಬೇಕು."

"ನಂಗೆ ಕೆಮ್ಮೇ ಇಲ್ಲ" ಎಂದು ಒಳಗಿನಿಂದ ಚಿಕ್ಕ ಮಗ ಕೂಗಿ, ಕೂಗಿದ್ದಕ್ಕೇ ಕೆಮ್ಮಿದ.

ಚಿಕ್ಕವನಿಗೆ ಊರಲ್ಲಿ ಬನ್ನು ಎಂದೇ ಹೆಸರು. ಪೇಟೆಯ ಬೇಕರಿಯಲ್ಲಿ ಹಿಟ್ಟು ನಾದಿ ಬನ್ನು ಬ್ರೆಡ್ಡು ಸುಡುವ ಕೆಲಸ. ಮುಖವೂ ಹಾಗೇ ದುಂಡಗಿತ್ತು. ಮದುವೆ ಆಗಿರಲಿಲ್ಲ. ಹೆಣ್ಣು ಕೊಡುವವರು ಹಾಸಿಗೆ ಮನೆಯ ಧೂಳು ನೋಡಿ ಹಿಂದೆ ಹೋಗುತ್ತಿದ್ದರು. ಅಣ್ಣ ಮಲಗಿದ ಮೇಲೆ ಮನೆಗೆ ಗಟ್ಟಿಯಾಗಿ ಬರುತ್ತಿದ್ದದ್ದು ಅವನ ಸಂಬಳವೊಂದೇ.

ಡಬ್ಬಿಗಳು ಆಸ್ಪತ್ರೆಗೆ ಹೋದವು. ಉಳಿದ ಯಾರಿಗೂ ಏನೂ ಇಲ್ಲವೆಂದು ಸುದ್ದಿ ಬಂತು. ಅಮ್ಮ ಆ ದಿನ ಬೆಲ್ಲ ಹಾಕಿ ಗಂಜಿ ಮಾಡಿದಳು.

ಕೆಲಸಗಳು ಹಂಚಿಹೋದವು. ಗಂಡ ಹಿಂಜಬಾರದು ಎಂದು ನರ್ಸಮ್ಮ ಹೇಳಿದ ಮೇಲೆ ಹಿಂಜುವುದು, ತುಂಬುವುದು, ದಬ್ಬಳ ಹಿಡಿದು ಹೊಲಿಯುವುದು ಎಲ್ಲ ಸೊಸೆಯ ಪಾಲಿಗೆ ಬಂತು. ಗಿರಾಕಿಗಳ ಮನೆಯ ಗಂಡಸರು ಕೆಲಸಕ್ಕೆ ಹೊರಡುವ ಮುಂಚೆ ಹೋದರೆ ಹಾಸಿಗೆ ಎತ್ತಿ ಗಾಡಿಗೆ ಹಾಕಿಕೊಡುವವರು ಸಿಗುತ್ತಾರೆಂದು ಅವಳು ಬೆಳಕು ಹರಿಯುವಾಗಲೇ ಕೈಗಾಡಿ ತಳ್ಳಿಕೊಂಡು ಹೊರಡುತ್ತಿದ್ದಳು.

"ಮಾತ್ರೆ ನಾನು ಕೊಡ್ತೀನಿ. ಹೆತ್ತ ಕೈ ಇದು, ಮರೆಯಲ್ಲ" ಎಂದಳು ಅತ್ತೆ.

ಮರೆಯಲಿಲ್ಲ ಕೂಡ. ನರ್ಸಮ್ಮ ಬಂದಾಗಲೆಲ್ಲ ಖಾಲಿ ಪಟ್ಟಿಗಳು ಸರಿಯಾಗಿ ಇರುತ್ತಿದ್ದವು. "ನಾನು ಸುತ್ತೋ ಊರುಗಳಲ್ಲೆಲ್ಲ ಇಂಥ ಮನೆ ಇಲ್ಲ ಕಣಮ್ಮಾ. ಬೇರೆ ಕಡೆ ಎರಡು ವಾರ ನುಂಗಿ ಹುಷಾರಾದ್ವಿ ಅಂತ ಬಿಟ್ಟೇಬಿಡ್ತಾರೆ" ಎಂದು ಅವಳು ಅಮ್ಮನ ಬೆನ್ನು ತಟ್ಟುತ್ತಿದ್ದಳು. ಅಮ್ಮ ತಲೆ ತಗ್ಗಿಸಿಕೊಳ್ಳುತ್ತಿದ್ದಳು. ನಾಚಿಕೆ ಎಂದು ಎಲ್ಲರೂ ತಿಳಿದರು.

ಜಗಳ ಶುರುವಾಗಿದ್ದು ಮೊಟ್ಟೆಗೆ. ಅಮ್ಮ ಬೇಯಿಸಿದ ಮೊಟ್ಟೆಯನ್ನು ಚಾಕುವಿನಿಂದ ಕತ್ತರಿಸುವವಳಲ್ಲ. ಹೊಲಿಗೆ ದಾರವನ್ನು ಸುತ್ತ ಹಾಕಿ ಎಳೆಯುತ್ತಿದ್ದಳು. ಒಳಗಿನ ಹಳದಿ ಕೂಡ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಎರಡಾಗುತ್ತಿತ್ತು. ಮಕ್ಕಳು ಸಣ್ಣವರಿದ್ದಾಗಿನಿಂದ ಬಂದ ಕೈಚಳಕ ಅದು.

"ಅತ್ತೆ, ನರ್ಸಮ್ಮ ಹೇಳಿದ್ದು ಒಂದು ಮೊಟ್ಟೆ. ಅರ್ಧ ಅಲ್ಲ."

"ಇನ್ನೊಬ್ಬ ದಿನವಿಡೀ ಒಲೆ ಮುಂದೆ ಬೇಯ್ತಾನಲ್ಲ, ಅವನೇನು ಕಲ್ಲಿಗೆ ಹುಟ್ಟಿದವನಾ?"

"ಕಾಯಿಲೆ ಯಾರಿಗೆ? ಇವರಿಗೆ ತಾನೆ?"

"ಹಸಿವು ಇಬ್ಬರಿಗೂ ಇರುತ್ತೆ."

"ಆಯ್ತಪ್ಪ, ನಾಳೆಯಿಂದ ಕೋಳಿನೇ ತಂದು ಕಟ್ಟೋಣ" ಎಂದ ಗಂಡ ಮೂಲೆಯ ಚಾಪೆಯಿಂದ. "ಅತ್ತೆಸೊಸೆ ಮಧ್ಯೆ ಮೊಟ್ಟೆ ಇಡೋಕೆ ಅದಕ್ಕೂ ಭಯ ಆಗುತ್ತೆ, ಅಷ್ಟೆ."

ಅವನು ಮೊದಲ ತಿಂಗಳು ಸ್ವಲ್ಪ ಚೇತರಿಸಿಕೊಂಡ. ಬೆಳಗ್ಗೆ ಹಿತ್ತಲಿನಿಂದ ಬಂದು, "ಇವಳೇ, ನನ್ನ ಉಚ್ಚೇನ ಸೀಸೆಗೆ ತುಂಬಿ ಸಂತೇಲಿಟ್ರೆ ಕಿತ್ತಳೆ ಶರಬತ್ತು ಅಂತ ತಗೋತಾರೆ ಕಣೆ" ಎಂದು ನಗಿಸಿದ. ಅವನ ಬನಿಯನ್ನಿನ ಕಂಕುಳಲ್ಲಿ ಕೇಸರಿ ಕಲೆ ಬಿದ್ದಾಗ ಅವಳು ಸೋಪು ಹಚ್ಚಿ ಉಜ್ಜಲಿಲ್ಲ. ಹಾಗೇ ಜಾಲಿಸಿ ಒಣಹಾಕಿದಳು. ಮದ್ದು ಒಳಗೆ ಹೋಗುತ್ತಿದೆ ಎಂದು ತಂತಿಯ ಮೇಲೆ ಅದೇ ಸಾರುತ್ತಿದ್ದಂತೆ ಅವಳಿಗೆ ಕಾಣುತ್ತಿತ್ತು.

ಎರಡನೇ ತಿಂಗಳಲ್ಲಿ ಚೇತರಿಕೆ ನಿಂತುಹೋಯಿತು. ಮತ್ತೆ ಸಂಜೆ ಜ್ವರ, ಮತ್ತೆ ಕಫ. ಸೊಂಟದ ಹುರಿಯನ್ನು ಇನ್ನೂ ಒಂದು ಗಂಟು ಒಳಗೆ ಎಳೆದ. ನರ್ಸಮ್ಮ ಹಣೆ ಗಂಟಿಕ್ಕಿ, "ಮಾತ್ರೆ ಸರಿಯಾಗಿ ತಗೋತಿದೀಯ ತಾನೆ?" ಎಂದಳು.

"ಒಂದು ದಿನಾನೂ ಬಿಟ್ಟಿಲ್ಲ" ಎಂದ ಅವನು. ಸುಳ್ಳಲ್ಲ ಅದು.

ಆ ವಾರ ಸೊಸೆ ಬಟ್ಟೆ ಒಗೆಯಲು ಕೂತಾಗ, ಬೇರೆ ದಿನ ಅತ್ತೆಯೇ ಒಗೆದಿಡುತ್ತಿದ್ದ ಮೈದುನನ ಬಿಳಿ ಬನಿಯನ್ನು ಕೈಗೆ ಬಂತು. ಬೇಕರಿಯಲ್ಲಿ ಅವನಿಗೆ ಬಿಳಿಯದೇ ಕಡ್ಡಾಯ. ಕತ್ತಿನ ಸುತ್ತ, ಕಂಕುಳಲ್ಲಿ ಕೇಸರಿ. ಅವಳು ಕಲ್ಲಿನ ಮೇಲೆ ಅದನ್ನು ಹರಡಿ ನೋಡಿದಳು. ಪಕ್ಕಕ್ಕೆ ಗಂಡನದನ್ನು ಹರಡಿದಳು. ಎರಡೂ ಒಂದೇ ಮೈಯಿಂದ ಬಿಚ್ಚಿದವು ಎನ್ನುವ ಹಾಗಿದ್ದವು.

ಸಂಜೆ ಅವನು ಬಂದು ಕಾಲು ತೊಳೆಯುವಾಗ ಕೇಳಿದಳು: "ನಿನ್ನ ಬನಿಯನ್ನಿಗೆ ಇದೇನೋ ಬಣ್ಣ?"

"ಅದಾ? ಕೇಕಿಗೆ ಹಾಕೋ ಬಣ್ಣ ಅತ್ತಿಗೆ. ಚೆಲ್ಲಿಬಿಡ್ತು."

"ಎಲ್ಲಿಗೆ, ಕಂಕುಳಿಗೆ ಚೆಲ್ತಾ?"

ಅವನು ಚೊಂಬು ಕೆಳಗಿಟ್ಟು ಒಳಗೆ ಹೋದ. ಮುಖ ಈಗ ಬನ್ನಿನ ಹಾಗೆ ದುಂಡಗಿಲ್ಲ ಎನ್ನುವುದನ್ನು ಅವಳು ಆಗ ಗಮನಿಸಿದಳು.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಗಾಡಿ ತಳ್ಳಿಕೊಂಡು ಹೊರಟಳು. ಬೀದಿಯ ತಿರುವಿನಲ್ಲಿ ಅದನ್ನು ನಿಲ್ಲಿಸಿ ಹಿತ್ತಲ ಕಡೆಯಿಂದ ವಾಪಸ್ಸು ಬಂದಳು. ಒಲೆಯ ಮುಂದೆ ಅಣ್ಣತಮ್ಮ ಎದುರುಬದುರು ಕೂತಿದ್ದರು, ಸಣ್ಣ ಮಕ್ಕಳ ಹಾಗೆ. ನಡುವೆ ಅಮ್ಮ. ಅವಳು ಪಟ್ಟಿಯಿಂದ ನಾಲ್ಕು ಮಾತ್ರೆ ಒತ್ತಿ ತೆಗೆದು ಎರಡನ್ನು ಈ ಕೈಗೆ, ಎರಡನ್ನು ಆ ಕೈಗೆ ಹಾಕಿದಳು.

"ಅತ್ತೇ!"

ಅಮ್ಮ ಬೆಚ್ಚಲಿಲ್ಲ. ಲೋಟಕ್ಕೆ ನೀರು ಬಗ್ಗಿಸುತ್ತಲೇ, "ಬಾ, ಬಂದಿದ್ದು ಒಳ್ಳೇದಾಯ್ತು. ಎಷ್ಟು ದಿನ ಮುಚ್ಚಿಡೋದು" ಎಂದಳು.

"ಇದು ನಿಮ್ಮ ಮಗನ ಪ್ರಾಣ ಅತ್ತೆ! ಮೊಟ್ಟೆ ಅಲ್ಲ!"

"ಅದಕ್ಕೇ ಹಂಚಿದ್ದು. ಇವನಿಗೂ ಅದೇ ಕೆಮ್ಮು, ಅದೇ ಜ್ವರ. ಇಬ್ಬರನ್ನೂ ಹೆತ್ತು ಒಬ್ಬನಿಗೆ ಮಾತ್ರ ಮದ್ದು ಹಾಕು ಅಂತೀಯಾ?"

"ಅವತ್ತು ಪರೀಕ್ಷೆ ಆಯ್ತಲ್ಲ! ಏನೂ ಇಲ್ಲ ಅಂದ್ರಲ್ಲ!"

ಚಿಕ್ಕವನು ನೆಲ ನೋಡುತ್ತ ಹೇಳಿದ: "ನನ್ನ ಡಬ್ಬಿಗೂ ಅಮ್ಮನೇ ಉಗಿದಿದ್ದು, ಅತ್ತಿಗೆ."

"ಎರಡು ಡಬ್ಬಿ ತುಂಬಿಸೋ ಹೊತ್ತಿಗೆ ನನ್ನ ಗಂಟಲು ಹರಿದುಹೋಯ್ತು" ಎಂದಳು ಅಮ್ಮ. ಅವಳ ದನಿಯಲ್ಲಿ ಪಟ್ಟ ಕಷ್ಟದ ಲೆಕ್ಕವಿತ್ತೇ ಹೊರತು ತಪ್ಪಿನ ಅಳುಕು ಇರಲಿಲ್ಲ. "ಹೆಸರು ಬರೆಸಿದ್ರೆ ಬೇಕರಿ ಸಾಹುಕಾರ ಇವನನ್ನ ಒಂದು ಗಳಿಗೆ ಇಟ್ಕೋತಾನಾ? ಹೋದ ವರ್ಷ ಒಬ್ಬ ಸೀನಿದ್ದಕ್ಕೇ ಓಡಿಸಿದ್ದ. ಇವನೂ ಮನೇಲಿ ಕೂತ್ರೆ ನಿನ್ನ ಗಂಡನಿಗೆ ಅರ್ಧ ಮೊಟ್ಟೆನಾದ್ರೂ ಎಲ್ಲಿಂದ ತರ್ತಿದ್ದೆ?"

ಅವಳು ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ನಾನೇ ಹೇಳಿದ್ದು" ಎಂದ ಅವನು. "ನಂಗೆ ಮಾತ್ರೆ, ಅವನಿಗೆ ಕೆಮ್ಮು ಅಂದ್ರೆ ಹೇಗೆ ನುಂಗಲಿ? ನಾಲ್ಕು ಅಂದ್ರೆ ಕುದುರೆಗೆ ಹಾಕೋ ಅಷ್ಟಿದೆ. ಎರಡು ಸಾಕು ಅನ್ನಿಸ್ತು. ನಿಧಾನಕ್ಕೆ ಇಬ್ಬರೂ ಹುಷಾರಾಗ್ತೀವಿ ಅಂದ್ಕೊಂಡ್ವಿ."

ಅವಳಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಮನೆಯಲ್ಲಿ ಮೂವರೂ ಒಬ್ಬರಿಗೊಬ್ಬರು ಒಳ್ಳೆಯವರಾಗಿದ್ದರು. ಒಬ್ಬಳನ್ನು ಮಾತ್ರ ಹೊರಗಿಟ್ಟಿದ್ದರು.

"ನಾನು ನರ್ಸಮ್ಮನಿಗೆ ಹೇಳ್ತೀನಿ."

"ಅತ್ತಿಗೆ, ಕೈ ಮುಗೀತೀನಿ. ಈ ತಿಂಗಳು ಮುಗೀಲಿ."

"ಹೇಳು, ಹೋಗು" ಎಂದಳು ಅಮ್ಮ. "ಒಂದು ಬಾಯಿ ಅನ್ನಕ್ಕೆ ಮಣ್ಣು ಹಾಕು."

ಗಾಡಿ ತಿರುವಿನಲ್ಲೇ ನಿಂತಿತು. ಅವಳು ನೇರ ಆಸ್ಪತ್ರೆಗೆ ಹೋದಳು.

ನರ್ಸಮ್ಮ ಕೇಳಿ ಬೈಯಲಿಲ್ಲ. ಕನ್ನಡಕ ತೆಗೆದು ಸೀರೆ ಸೆರಗಿಗೆ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದಳು. "ನಾನು ಪಟ್ಟಿ ನೋಡಿದೆ, ಬಾಯಿ ನೋಡಲಿಲ್ಲ" ಎಂದಳು. ಆಮೇಲೆ ಹೇಳಿದಳು: "ಅರ್ಧ ಮದ್ದಿಗೆ ಈ ರೋಗ ಸಾಯಲ್ಲಮ್ಮ. ಆ ಮದ್ದನ್ನೇ ತಿಂದು ಬದುಕೋದು ಕಲೀತದೆ. ಕಲಿತುಬಿಟ್ಟಿದ್ರೆ ಕಷ್ಟ."

ಇಬ್ಬರ ಕಫವೂ ದೊಡ್ಡ ಆಸ್ಪತ್ರೆಗೆ ಹೋಯಿತು. ಫಲಿತಾಂಶ ಬರಲು ವಾರಗಳು ಹಿಡಿಯುತ್ತವೆ ಎಂದರು. ಬೇಕರಿಗೆ ಮಾತ್ರ ಸುದ್ದಿ ಮುಟ್ಟಲು ಒಂದು ಮಧ್ಯಾಹ್ನ ಸಾಕಾಯಿತು. ಯಾರು ಹೇಳಿದರೋ, ನರ್ಸಮ್ಮನ ಜೊತೆ ಆಸ್ಪತ್ರೆ ಮೆಟ್ಟಿಲ ಮೇಲೆ ಅವನನ್ನು ಯಾರು ಕಂಡರೋ. ಸಾಹುಕಾರ ಕೆಟ್ಟ ಮಾತಾಡಲಿಲ್ಲ. ಆ ದಿನದ ಬ್ರೆಡ್ಡನ್ನೆಲ್ಲ ಗುಂಡಿ ತೋಡಿಸಿ ಹೂಳಿಸಿ, "ವಾಸಿ ಆದ್ಮೇಲೆ ಬಾಪ್ಪಾ" ಎಂದು ಕಳಿಸಿದ. ಮರುದಿನ ಬೇರೊಬ್ಬ ಹಿಟ್ಟು ನಾದುತ್ತಿದ್ದ.

ಚಿಕ್ಕವನು ಮನೆಗೆ ಬಂದು ಹತ್ತಿ ಮೂಟೆಯ ಮೇಲೆ ಕೂತ.

"ಈಗ ಸಮಾಧಾನ ಆಯ್ತಾ, ಅತ್ತಿಗೆ?"

ಅವಳು ದಬ್ಬಳಕ್ಕೆ ಹುರಿ ಪೋಣಿಸುತ್ತಿದ್ದಳು. ಹುರಿಯ ತುದಿಯನ್ನು ಬೆರಳಲ್ಲಿ ಮತ್ತೆ ಹೊಸೆದಳು.

"ಲೋ, ಅವಳನ್ನ ಯಾಕೋ ಅಂತೀಯ" ಎಂದ ಅಣ್ಣ. ಹೇಳುವಷ್ಟರಲ್ಲಿ ಏದುಸಿರು ಬಂತು.

"ಮತ್ತೆ ಇನ್ಯಾರನ್ನ ಅನ್ನಲಿ? ನಿನ್ನನ್ನ ಅನ್ಲಾ? ಅಮ್ಮನ್ನ ಅನ್ಲಾ? ಹೊರಗಿಂದ ಬಂದೋಳು ಅವಳೊಬ್ಬಳೇ ತಾನೆ!"

ಆಮೇಲೆ ಊರಿನವರ ಸರದಿ. ಟಿಬಿ ಮನೆಯವರು ಹಿಂಜಿದ ಹಾಸಿಗೆಯ ಮೇಲೆ ಯಾರು ಮಲಗುತ್ತಾರೆ? ಹೊಲಿಯಲು ಕೊಟ್ಟಿದ್ದವರು ಬಂದು ಬಿಚ್ಚಿದ ಹತ್ತಿಯನ್ನು ಹಾಗೆಯೇ ಹೊದಿಕೆಯಲ್ಲಿ ಕಟ್ಟಿಕೊಂಡು ಹೋದರು. ಒಬ್ಬಾಕೆ ಬಾಗಿಲಾಚೆ ನಿಂತು, "ಬೇಜಾರು ಮಾಡ್ಕೋಬೇಡಮ್ಮ, ಮಕ್ಕಳೊಂದಿಗರು ನಾವು" ಎಂದಳು. ಮುಂದಿನ ಕೋಣೆ ಖಾಲಿಯಾಯಿತು. ಧೂಳೂ ನಿಂತಿತು. ಆ ಮನೆಯಲ್ಲಿ ಧೂಳು ಏಳದಿದ್ದದ್ದು ಅದೇ ಮೊದಲು. ಕೆಮ್ಮು ಮಾತ್ರ ಹಾಗೇ ಇತ್ತು.

ಸೊಸೆ ಇಟ್ಟಿಗೆ ಹೊರಲು ಹೋಗತೊಡಗಿದಳು. ಊಟಕ್ಕೆ ಗಂಜಿ, ಅದಕ್ಕೆ ಉಪ್ಪು. ಅಮ್ಮ ತನ್ನ ಪಾಲಿನದನ್ನು ಇಬ್ಬರ ತಟ್ಟೆಗೂ ಸುರಿದು, "ಆಗಲೇ ಕುಡಿದೆ" ಎನ್ನುತ್ತಿದ್ದಳು. ಅದನ್ನು ನಂಬುವ ಮಗ ಒಬ್ಬನೂ ಇರಲಿಲ್ಲ, ಬೇಡ ಎನ್ನುವ ಮಗನೂ ಇರಲಿಲ್ಲ.

ಫಲಿತಾಂಶ ಬಂತು. ಇಬ್ಬರಿಗೂ ಆ ಇಟ್ಟಿಗೆ ಬಣ್ಣದ ಮಾತ್ರೆ ಇನ್ನು ಕೆಲಸಕ್ಕೆ ಬಾರದು. ಬೇರೆ ಮದ್ದು ಇದೆ, ಹೆಚ್ಚು ಮಾತ್ರೆ, ಹೆಚ್ಚು ಕಾಲ, ಹೆಚ್ಚು ಸಂಕಟ. ಒಬ್ಬೊಬ್ಬರಿಗೂ ಬೇರೆ ಬೇರೆ ಪೆಟ್ಟಿಗೆ ಬರುತ್ತದೆ. ಅಣ್ಣನನ್ನು ಮಾತ್ರ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ಶ್ವಾಸಕೋಶ ತೀರಾ ಹಾಳಾಗಿದೆ ಎಂದರು.

ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದಾಗ ಅವನು ಮೊದಲು ಮಾಡಿದ ಕೆಲಸ ಹಾಸಿಗೆಯ ಅಂಚು ಹಿಸುಕಿ ನೋಡಿದ್ದು.

"ನಾರು" ಎಂದ. "ಹತ್ತಿ ಅಲ್ಲ. ಹೊಲಿಗೆ ನೋಡು, ಮೊಳಕ್ಕೊಂದು. ಯಾವನೋ ಕಳ್ಳ."

"ಸುಮ್ನಿರಿ, ಮಾತಾಡ್ಬೇಡಿ."

"ಇದರ ಮೇಲೆ ಸಾಯೋಕೂ ನಾಚಿಕೆ ಆಗುತ್ತೆ ಕಣೆ."

"ಸಾಯೋ ಮಾತು ಯಾಕೆ? ಹೊಸ ಮದ್ದು ಕೊಡ್ತಿದಾರಲ್ಲ. ಪೂರ್ತಿ ಕೊಡ್ತಿದಾರೆ. ನಾನೇ ನೋಡ್ತಿದೀನಿ."

ಅವನು ಪೂರ್ತಿ ನುಂಗುತ್ತಿದ್ದ. ಪೂರ್ತಿ ವಾಂತಿ ಮಾಡುತ್ತಿದ್ದ. ಅವಳು ಬೋಗುಣಿ ಹಿಡಿದು, ಬಾಯಿ ಒರೆಸಿ, ಡಾಕ್ಟರು ಬರುವ ದಾರಿ ಕಾಯುತ್ತಿದ್ದಳು. ಡಾಕ್ಟರು ಬಂದರೆ ಮಂಚದ ಕಾಲ ಕಡೆ ತೂಗುಹಾಕಿದ ಕಾಗದ ನೋಡುತ್ತಿದ್ದರು. ಅವಳ ಮುಖ ನೋಡುತ್ತಿರಲಿಲ್ಲ. ಅದರಲ್ಲೇ ಅವಳಿಗೆ ಅರ್ಥವಾಗತೊಡಗಿತು.

ಒಂದು ಮಧ್ಯಾಹ್ನ ಅವನು, "ಅಮ್ಮನ್ನ ಬೈಬೇಡ" ಎಂದ. "ಅವಳಿಗೆ ಗೊತ್ತಿದ್ದ ಪ್ರೀತಿ ಅದೊಂದೇ."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ನೀವು" ಎಂದಳು ಅವಳು. "ಒಂದೇ ಒಂದು ಮಾತು."

"ಕೇಳಿದ್ರೆ ಬೇಡ ಅಂತಿದ್ದೆ."

"ಹೂಂ. ಅಂತಿದ್ದೆ."

ಅವನು ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ಮುಗಿಯುವುದನ್ನು ಅವಳು ಕಾದಳು. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಮಂಚ ಬೇರೆಯವರಿಗೆ ಬೇಕಾಗಿತ್ತು.

ಊರಿಗೆ ಬಂದ ಮೇಲೆ ಅವಳು ತನ್ನ ಎರಡು ಸೀರೆಗಳನ್ನು ಚೀಲಕ್ಕೆ ತುಂಬಿದಳು. ಅಕ್ಕನ ಮನೆಗೆ ಹೋಗುವುದೆಂದು ಮನಸ್ಸು ಮಾಡಿದ್ದಳು. ಯಾರೂ ಇರು ಎನ್ನಲಿಲ್ಲ. ಅಮ್ಮ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಹಾಗೆ ಕೂರತೊಡಗಿ ಎಷ್ಟೋ ದಿನ ಆಗಿತ್ತು.

ನರ್ಸಮ್ಮ ಚಿಕ್ಕವನ ಮುಂದಿನ ತಿಂಗಳ ಪೆಟ್ಟಿಗೆ ಹಿಡಿದು ಬಂದಳು. ಅವನು ಚಾಪೆಯ ಮೇಲೆ ಮಂಡಿ ಮಡಚಿ ಮಲಗಿದ್ದ. ಕಿವಿಯಲ್ಲಿ ಏನೋ ಗುಂಯ್‌ಗುಡುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಆಗಲೇ ಎರಡು ದಿನ ಮಾತ್ರೆ ಬಿಟ್ಟಿದ್ದ.

"ಇವನಿಗೆ ಎದುರು ಕೂತು ನುಂಗಿಸೋರು ಯಾರು? ನಾನು ದಿನಾ ಬರೋಕಾಗಲ್ಲ. ಹನ್ನೊಂದು ಊರು ನಂಗೆ" ಎಂದಳು ನರ್ಸಮ್ಮ. ನಂತರ ಗೋಡೆಯ ಕಡೆ ತಿರುಗಿ, "ಅಮ್ಮಾ?" ಎಂದಳು.

ಅಮ್ಮ ಗೋಡೆಗೇ ಹೇಳಿದಳು: "ನನ್ನ ಕೈ ಬೇಡ."

"ಬಿಟ್ಟರೆ ಇವನೂ ಉಳಿಯಲ್ಲ. ತಗೊಂಡರೂ ಉಳೀತಾನೆ ಅಂತ ನಾನು ಆಣೆ ಮಾಡಲ್ಲ. ಅರ್ಧಕ್ಕರ್ಧ ಜನ ನಡುವೆ ಕೈ ಬಿಡ್ತಾರೆ."

ಸೊಸೆ ಚೀಲದ ಬಾಯಿ ಕಟ್ಟುತ್ತಿದ್ದಳು. ಕಟ್ಟಿ ಮುಗಿಸಿ, ಬಾಗಿಲ ಬಳಿ ಇಟ್ಟಳು. ಬೆಳಕು ಇನ್ನೂ ಇತ್ತು, ಬಸ್ಸಿಗೂ ಹೊತ್ತಿತ್ತು. ಅವಳು ಒಳಗೆ ಹೋಗಿ ನೀರು ತಂದಳು. ಚಾಪೆಯ ಎದುರು ಕೂತು ಪೆಟ್ಟಿಗೆ ಬಿಚ್ಚಿ, ನರ್ಸಮ್ಮ ತೋರಿಸಿದ ಅಷ್ಟನ್ನೂ ಅಂಗೈಯಲ್ಲಿ ಹಾಕಿಕೊಂಡಳು.

"ಏಳು."

ನರ್ಸಮ್ಮ ಹೋದಳು. ಚೀಲ ಬಾಗಿಲ ಬಳಿಯೇ ಇತ್ತು, ಮರುದಿನವೂ, ಅದರ ಮರುದಿನವೂ. ಅವಳು ಅದರಿಂದಲೇ ಸೀರೆ ತೆಗೆದು ಉಟ್ಟು, ಒಗೆದದ್ದನ್ನು ಅದಕ್ಕೇ ತುಂಬುತ್ತಿದ್ದಳು. ಇಟ್ಟಿಗೆ ಕೆಲಸಕ್ಕೆ ಹೋಗುವ ಮುಂಚೆ ಪ್ರತಿ ಬೆಳಗ್ಗೆ ಮೈದುನನ ಎದುರು ಕೂರುತ್ತಿದ್ದಳು. ಅವನು ಒಂದೊಂದೇ ನುಂಗುತ್ತಿದ್ದ. ಒಮ್ಮೊಮ್ಮೆ ಅರ್ಧದಲ್ಲೇ ಹಿತ್ತಲಿಗೆ ಓಡುತ್ತಿದ್ದ. ಅವಳು ಬಟ್ಟೆ ತಂದು ನೆಲ ಒರೆಸುತ್ತಿದ್ದಳು.

ವಾರಗಳು ಕಳೆದವು. ಅವನ ಕೈಗಳು ಹಿಟ್ಟು ನಾದಿದ ಕೈಗಳೆಂದು ಈಗ ಯಾರೂ ಹೇಳುವಂತಿರಲಿಲ್ಲ.

ಒಂದು ಬೆಳಗ್ಗೆ ಅವನು ಅಂಗೈಯಲ್ಲಿ ಮಾತ್ರೆ ಹಿಡಿದುಕೊಂಡೇ ಕೂತ. ಜೋರಾಗಿ ಕೇಳಿದ, ಕಿವಿ ಮಂದವಾದ ಮೇಲೆ ಅವನ ಮಾತೆಲ್ಲ ಜೋರು.

"ಅತ್ತಿಗೆ, ನನ್ನ ಮೇಲೆ ಸಿಟ್ಟಿಲ್ವಾ ನಿಂಗೆ?"

ಒಳಗೆ ಅಮ್ಮ ಗೋಡೆಯ ಕಡೆಯಿಂದ ಅರ್ಧ ತಿರುಗಿದ್ದು ಕಂಡಿತು.

"ಇದೆ" ಎಂದಳು ಅವಳು. "ನುಂಗು."

ಅವನು ಬಾಯಿಗೆ ಹಾಕಿಕೊಂಡು ನೀರು ಕುಡಿದ. ಗಂಟಲು ಏರಿಳಿಯಿತು. ಲೋಟ ಕೆಳಗಿಟ್ಟ.

"ಬಾಯಿ ತೆಗಿ."

ತೆಗೆದ.

"ನಾಲಿಗೆ ಎತ್ತು."

ಅವನು ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ ನಾಲಿಗೆ ಎತ್ತಿದ. ಅದರಡಿ ಮಾತ್ರೆಗಳು ಎಲ್ಲ ಹಾಗೆಯೇ ಇದ್ದವು.

ಅವಳು ಲೋಟ ತೆಗೆದುಕೊಂಡು ಮತ್ತೆ ನೀರು ಬಗ್ಗಿಸಿದಳು.